ಶೇಕಡಾ 18ರ ಸಭ್ಯತೆ

ಫ್ಲೋರಿಡಾದ ಒರ್ಲಾಂಡೊ. ಬೆಳಗಿನಿಂದ ಬಿಸಿಲಲ್ಲಿ ತಿರುಗಿ ಕಾಲು ಸೋತ ಕನ್ನಡ ಕುಟುಂಬವೊಂದು ಡಿಸ್ನಿ ವರ್ಲ್ಡ್‌ನ ಹೋಟೆಲಿನಲ್ಲಿ ಊಟ ಮುಗಿಸಿದೆ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಊರಿನಿಂದ ಬಂದು ಆರು ತಿಂಗಳ ಮಟ್ಟಿಗೆ ಉಳಿದಿರುವ ಅಪ್ಪ ಅಮ್ಮ. ಬಿಲ್ಲು 200 ಡಾಲರ್. ಆರು ಮಂದಿಯ ಪಂಗಡವಾದ್ದರಿಂದ ಅದರ ಕೆಳಗೆ ಶೇಕಡಾ 18ರ ಟಿಪ್ಸ್ ತಾನಾಗಿಯೇ ಸೇರಿಕೊಂಡಿದೆ: 36 ಡಾಲರ್. ಅಪ್ಪ ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸಿ ನೋಡಿ ಬೆಚ್ಚಿಬೀಳುತ್ತಾರೆ. "ಮೂರು ಸಾವಿರ ರೂಪಾಯಿ! ಬರೀ ತಂದು ಇಟ್ಟಿದ್ದಕ್ಕೇನೋ?" ಮಗ ಸುತ್ತ ನೋಡಿ ದನಿ ತಗ್ಗಿಸುತ್ತಾನೆ. "ಇಲ್ಲಿ ಕೊಡಲೇಬೇಕಪ್ಪ. ಕೊಡದಿದ್ದರೆ ನಮ್ಮ ಮರ್ಯಾದೆ ಹೋಗುತ್ತೆ."

ಮನೆಯಿಂದ ಮನೆಗೆ ಹೆಸರು ಬದಲಾದೀತು, ಈ ಮಾತುಕತೆ ಬದಲಾಗುವುದಿಲ್ಲ. ಅಮೆರಿಕಕ್ಕೆ ಹೊರಟವರಿಗೆ ನೆಂಟರು ಹೇಳುವ ಬುದ್ಧಿಮಾತಿನಲ್ಲೂ ವಾಟ್ಸ್ಯಾಪಿನಲ್ಲಿ ಬರುವ ಪಟ್ಟಿಗಳಲ್ಲೂ ಇದೇ ಎರಡು ಪಕ್ಷ. ಟಿಪ್ಸ್ ಕೊಡುವವನು ಉದಾರಿ, ನಾಗರಿಕ ಎನ್ನುವುದು ಒಂದು. ಟಿಪ್ಸ್ ಎನ್ನುವುದೇ ಹಗಲುದರೋಡೆ ಎನ್ನುವುದು ಇನ್ನೊಂದು. ಮೇಲ್ನೋಟಕ್ಕೆ ಎದುರಾಳಿಗಳಾದರೂ ಎರಡೂ ನಿಂತಿರುವ ನೆಲ ಒಂದೇ: ಟಿಪ್ಸ್ ಅಂದರೆ ನಾವು ಕೈಯೆತ್ತಿ ಕೊಡುವ ದಾನ. ಆ ನೆಲವೇ ಟೊಳ್ಳು ಎಂಬುದು ನನ್ನ ವಾದ. ಒರ್ಲಾಂಡೊದ ಆ 36 ಡಾಲರ್ ಊಟದ ಬೆಲೆಯ ಒಂದು ಭಾಗ. ಕೊಟ್ಟರೆ ಬಾಕಿ ತೀರಿತು, ಅಷ್ಟೇ. ಸಭ್ಯತೆಯ ಲೆಕ್ಕ ಅಲ್ಲಿಂದಾಚೆಗೆ ಶುರು.

ಕಾನೂನನ್ನೇ ನೋಡೋಣ. ಟಿಪ್ಸ್ ಪಡೆಯುವ ನೌಕರನಿಗೆ ಮಾಲೀಕ ಕೊಡಬೇಕಾದ ಕನಿಷ್ಠ ಕೂಲಿಯನ್ನು ಬೇರೆಯಾಗಿ, ಕಡಿಮೆಯಾಗಿ ನಿಗದಿ ಮಾಡಲು ಅಮೆರಿಕದ ಸಂಯುಕ್ತ ಸರ್ಕಾರ 1966ರಲ್ಲಿ ಅವಕಾಶ ಕೊಟ್ಟಿತು. ಆ ದರ ಗಂಟೆಗೆ 2 ಡಾಲರ್ 13 ಸೆಂಟ್. 1991ರಿಂದ ಅಲ್ಲಾಡಿಲ್ಲ. ಫ್ಲೋರಿಡಾ ರಾಜ್ಯದ ದರ ಇದಕ್ಕಿಂತ ಎಷ್ಟೋ ಮೇಲು. ಆದರೆ ಅಲ್ಲೂ ಟಿಪ್ಸ್ ಸಿಗುವ ಕೆಲಸಕ್ಕೆ ಮಾಲೀಕ ಗಂಟೆಗೆ 3 ಡಾಲರ್ 2 ಸೆಂಟ್ ಕಡಿಮೆ ಕೊಡಬಹುದು. 2025ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ಕನಿಷ್ಠ ಕೂಲಿ 14 ಡಾಲರಿಗೆ ಏರಿದಾಗ ಟಿಪ್ಸ್ ನೌಕರನದು 10 ಡಾಲರ್ 98 ಸೆಂಟ್ ಆಯಿತು. ಆ ಕೊರತೆಯನ್ನು ತುಂಬುವವರು ಮೇಜಿನ ಮುಂದೆ ಕೂತವರು. ಬಡಿಸಿದವಳ ಸಂಬಳದ ಒಂದು ತುಂಡನ್ನು ಮಾಲೀಕ ಗಿರಾಕಿಯ ಜೇಬಿಗೆ ವರ್ಗಾಯಿಸಿದ್ದಾನೆ. ವರ್ಗವಾದ ಸಂಬಳವನ್ನು ಪಾವತಿ ಮಾಡಿ ನಾವು ದಾನಶೂರ ಕರ್ಣರೆಂದು ಬೀಗುವುದು ಬಾಡಿಗೆ ಕಟ್ಟಿ ಮನೆಯ ಮಾಲೀಕನಿಗೆ ಉಪಕಾರ ಮಾಡಿದೆ ಎಂದು ಹೇಳಿಕೊಂಡಂತೆ.

ಈ ಪದ್ಧತಿಯ ಬೇರು ಕೂಡ ಹೆಮ್ಮೆಪಡುವಂಥದ್ದಲ್ಲ. ಅಂತರ್ಯುದ್ಧದ ನಂತರ ಜಾರ್ಜ್ ಪುಲ್‌ಮನ್‌ನ ರೈಲು ಕಂಪನಿ ತನ್ನ ಸ್ಲೀಪರ್ ಬೋಗಿಗಳಿಗೆ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪುಜನರನ್ನು ಪೋರ್ಟರುಗಳಾಗಿ ನೇಮಿಸಿಕೊಂಡಿತು. ಸಂಬಳ ಅಲ್ಪ, ಉಳಿದದ್ದು ಪ್ರಯಾಣಿಕರ ಕೈಯಿಂದ. ಯಾವ ಪೋರ್ಟರನ್ನೇ ಆಗಲಿ ಪ್ರಯಾಣಿಕರು 'ಜಾರ್ಜ್' ಎಂದೇ ಕರೆಯುತ್ತಿದ್ದರು, ಮಾಲೀಕನ ಹೆಸರು ಹಿಡಿದು. ಭಕ್ಷೀಸು ಸಿಗುತ್ತಿತ್ತು, ಸ್ವಂತ ಹೆಸರು ಇರಲಿಲ್ಲ. ಈ ಪೋರ್ಟರುಗಳು 1925ರಲ್ಲಿ ಎ. ಫಿಲಿಪ್ ರ‍್ಯಾಂಡಾಲ್ಫ್ ಅವರ ಮುಂದಾಳತ್ವದಲ್ಲಿ ಸಂಘ ಕಟ್ಟಿ, 1937ರಲ್ಲಿ ಕಂಪನಿಯಿಂದ ಒಪ್ಪಂದ ಪಡೆದರು. ಅಮೆರಿಕನ್ನರಿಗೂ ಟಿಪ್ಸ್ ಮೊದಲಿನಿಂದ ಒಪ್ಪಿಗೆಯಾಗಿರಲಿಲ್ಲ. ವಾಷಿಂಗ್ಟನ್ ರಾಜ್ಯ 1909ರಲ್ಲಿ ಅದನ್ನು ನಿಷೇಧಿಸಿತು, ಇನ್ನೂ ಕೆಲವು ರಾಜ್ಯಗಳು ಹಿಂಬಾಲಿಸಿದವು. 1926ರ ಹೊತ್ತಿಗೆ ಆ ಕಾನೂನುಗಳೆಲ್ಲ ಮೂಲೆಗೆ ಸರಿದಿದ್ದವು.

ಇಷ್ಟು ಕೇಳಿದ ಮೇಲೆ ಎರಡನೆಯ ಪಕ್ಷದವರು ಉತ್ಸಾಹಗೊಳ್ಳಬಹುದು. "ನೋಡಿ, ಇದು ಶೋಷಣೆಯ ಪದ್ಧತಿ. ತತ್ವಕ್ಕಾಗಿ ನಾನು ಕೊಡುವುದಿಲ್ಲ." ತತ್ವ ಚೆನ್ನಾಗಿದೆ, ಖರ್ಚು ಮಾತ್ರ ಬೇರೆಯವರದು. ಟಿಪ್ಸ್ ಕೊಡದೆ ಎದ್ದುಬಂದರೆ ಕಂಪನಿಗೆ ಒಂದು ಸೆಂಟೂ ನಷ್ಟವಿಲ್ಲ. ಊಟದ ಪೂರ್ತಿ ಹಣ ಅದಕ್ಕೆ ಸಂದಿದೆ. ಹೊಡೆತ ಬೀಳುವುದು ತಟ್ಟೆ ಎತ್ತಿದ ಕೈಗೆ. ಪದ್ಧತಿಯನ್ನು ವಿರೋಧಿಸುವವನು ಆ ಹೋಟೆಲಿಗೆ ಹೋಗದೆ ಇರಬಹುದು, ಕೌಂಟರಿನಲ್ಲಿ ತಾನೇ ತಟ್ಟೆ ಹಿಡಿದು ತರುವ ಕಡೆ ತಿನ್ನಬಹುದು. ಉಂಡೆದ್ದ ಮೇಲೆ ತತ್ವ ನೆನಪಾದರೆ ಅದಕ್ಕೆ ಜಿಪುಣತನವೆಂಬ ಹಳೆಯ ಹೆಸರಿದೆ.

ಹಾಗಾದರೆ ಟಿಪ್ಸ್‌ನಿಂದ ಸೇವೆ ಸುಧಾರಿಸುವುದಾದರೂ ನಿಜವೇ? ಕಾರ್ನೆಲ್ ವಿಶ್ವವಿದ್ಯಾಲಯದ ಮೈಕಲ್ ಲಿನ್ ಈ ವಿಷಯವನ್ನು ದಶಕಗಳ ಕಾಲ ಅಭ್ಯಾಸ ಮಾಡಿದವರು. ಸೇವೆ ಎಷ್ಟು ಚೆನ್ನಾಗಿತ್ತು ಎನ್ನುವುದಕ್ಕೂ ಎಷ್ಟು ಟಿಪ್ಸ್ ಬಿತ್ತು ಎನ್ನುವುದಕ್ಕೂ ಇರುವ ನಂಟು ತೀರ ತೆಳು ಎಂದು ಅವರ ಅಧ್ಯಯನಗಳು ತೋರಿಸಿವೆ. ಜನ ಕೊಡುವುದು ರೂಢಿಗೆ ಕಟ್ಟುಬಿದ್ದು. ಇದಕ್ಕೆ ಕಣ್ಣೆದುರಿನ ಸಾಕ್ಷಿ ಬೇಕಾದರೆ ಟೋಕಿಯೊ ಡಿಸ್ನಿಲ್ಯಾಂಡ್ ಇದೆ. 1983ರಲ್ಲಿ ತೆರೆದ ಆ ಪಾರ್ಕಿನಲ್ಲೂ ಅದೇ ಮಿಕ್ಕಿ, ಅದೇ ಕೋಟೆ. ಜಪಾನಿನಲ್ಲಿ ಟಿಪ್ಸ್ ಪದ್ಧತಿಯೇ ಇಲ್ಲ. ಮೇಜಿನ ಮೇಲೆ ಹಣ ಬಿಟ್ಟುಬಂದರೆ ಮರೆತು ಹೋದಿರೆಂದು ಹಿಂದೆ ಓಡಿಬಂದು ಕೊಟ್ಟಾರು. ಆದರೂ ಜಗತ್ತಿನ ಅತ್ಯಂತ ಅಚ್ಚುಕಟ್ಟಾದ ಪಾರ್ಕುಗಳಲ್ಲಿ ಅದೂ ಒಂದೆಂದು ಹೋಗಿಬಂದವರು ಹೊಗಳುತ್ತಾರೆ.

ಟಿಪ್ಸ್ ಪಟ್ಟಿಗಳು ಮುಚ್ಚಿಡುವ ಇನ್ನೊಂದು ಸಂಗತಿಯಿದೆ. ಡಿಸ್ನಿ ವರ್ಲ್ಡ್‌ನಲ್ಲಿ ದಿನವಿಡೀ ನಮಗೆ ಎದುರಾಗುವ ನೌಕರರಲ್ಲಿ ಬಹುಪಾಲು ಜನ ಟಿಪ್ಸ್ ತೆಗೆದುಕೊಳ್ಳುವಂತೆಯೇ ಇಲ್ಲ. ಬಡಿಸುವವರು, ಬಾರಿನವರು, ಲಗೇಜು ಹೊರುವವರು, ಕಾರು ನಿಲ್ಲಿಸಿ ಕೊಡುವವರು, ಕೋಣೆ ಶುಚಿ ಮಾಡುವವರು ತೆಗೆದುಕೊಳ್ಳುತ್ತಾರೆ. ರೈಡಿನ ಬೆಲ್ಟು ಎಳೆದು ನೋಡುವ ಹುಡುಗ, ಚೆಲ್ಲಿದ ಪಾಪ್‌ಕಾರ್ನ್ ಗುಡಿಸುವವಳು, ಮಿಕ್ಕಿಯ ವೇಷದೊಳಗೆ ಬೆವರುವವರು, ಮೆರವಣಿಗೆಯ ದಾರಿಯಲ್ಲಿ ಹಗ್ಗ ಹಿಡಿದು ನಿಂತವರು ತೆಗೆದುಕೊಳ್ಳುವುದಿಲ್ಲ. ನೋಟು ಚಾಚಿದರೆ ನಕ್ಕು ಬೇಡ ಎನ್ನುತ್ತಾರೆ. ಇವರ ಸಂಬಳವನ್ನು ಏರಿಸಿದ್ದು ನಮ್ಮ ಔದಾರ್ಯವಲ್ಲ, ಸಂಘಟನೆ. 2023ರಲ್ಲಿ ಒರ್ಲಾಂಡೊದ ಕಾರ್ಮಿಕ ಸಂಘಗಳ ಒಕ್ಕೂಟ ಪಟ್ಟು ಹಿಡಿದು, ಗಂಟೆಗೆ 15 ಡಾಲರ್ ಇದ್ದ ಆರಂಭದ ಕೂಲಿಯನ್ನು 18 ಡಾಲರಿಗೆ ಏರಿಸಿಕೊಂಡಿತು.

ದುಡ್ಡು ಕೊಡುವಂತಿಲ್ಲದ ಕಡೆ ನಮ್ಮ ಬಳಿ ಕೊಡಲು ಏನು ಉಳಿದಿದೆ? ನಿಜವಾದ ಪರೀಕ್ಷೆ ಇದು. ಸ್ಪೇಸ್ ಮೌಂಟನ್ ರೈಡಿಗೆ 44 ಇಂಚು ಎತ್ತರ ಇರಬೇಕು. ಮೊಮ್ಮಗ ಒಂದು ಇಂಚು ಕಡಿಮೆ. ಅಳತೆಕೋಲಿನ ಪಕ್ಕ ನಿಂತ ಹುಡುಗಿ ಆಗುವುದಿಲ್ಲ ಎನ್ನುತ್ತಾಳೆ. ಆಗ ಶುರುವಾಗುತ್ತದೆ: "ಒಂದೇ ಇಂಚು ತಾನೆ?", "ಅಷ್ಟು ದೂರದಿಂದ ಬಂದಿದ್ದೇವೆ", "ಎಷ್ಟು ದುಡ್ಡು ಕೊಟ್ಟಿದ್ದೇವೆ ಗೊತ್ತಾ?" ರಾತ್ರಿ ಶೇಕಡಾ 18ನ್ನು ತುಟಿಪಿಟಕ್ಕೆನ್ನದೆ ಕೊಡುವವರೇ ಹಗಲು ಈ ಹುಡುಗಿಯ ಮೇಲೆ ದನಿ ಏರಿಸಿರುತ್ತಾರೆ. ಅವಳು ಕಾಯುತ್ತಿರುವುದು ಅವರದೇ ಮಗುವಿನ ಕುತ್ತಿಗೆ.

ಅವಳ ಎದೆಯ ಮೇಲೊಂದು ಬಿಲ್ಲೆ ಇದೆ: ಹೆಸರು, ಕೆಳಗೆ ಊರು. ಡಿಸ್ನಿಯಲ್ಲಿ ಎಲ್ಲ ನೌಕರರಿಗೂ ಇದು ಉಂಟು. ಪುಲ್‌ಮನ್ ಪೋರ್ಟರಿಗೆ ಸಿಗದಿದ್ದ ಹೆಸರು ಇಲ್ಲಿ ಓದಲು ಸಿಗುತ್ತದೆ, ಓದುವ ಮನಸ್ಸಿದ್ದರೆ. ಒಳ್ಳೆಯ ಕೆಲಸ ಮಾಡಿದವರ ಹೆಸರು ಹಿಡಿದು ಮೆಚ್ಚುಗೆ ದಾಖಲಿಸಲು ಪಾರ್ಕಿನ ಆ್ಯಪಿನಲ್ಲೇ ವ್ಯವಸ್ಥೆಯಿದೆ, ಅದು ಮೇಲಿನವರಿಗೆ ತಲುಪುತ್ತದೆ. ಎರಡು ನಿಮಿಷದ ಕೆಲಸ. ನಮ್ಮವರು ಮೆಚ್ಚುಗೆ ಬರೆಯುವುದಕ್ಕಿಂತ ದೂರು ಬರೆಯುವುದರಲ್ಲಿ ಚುರುಕು.

ಇನ್ನು ಸರತಿ ಸಾಲು. ಥೀಮ್ ಪಾರ್ಕಿನ ದಿನದಲ್ಲಿ ರೈಡಿಗಿಂತ ಹೆಚ್ಚು ಹೊತ್ತು ಕಳೆಯುವುದು ಸಾಲಿನಲ್ಲೇ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವ ವಿದ್ಯೆ ಗೊತ್ತಲ್ಲ, ಅದರ ವಿಸ್ತರಣೆ ಪಾರ್ಕಿನ ಸಾಲಿನಲ್ಲೂ ಉಂಟು. ಒಬ್ಬ ಮುಂಚೆ ಹೋಗಿ ನಿಲ್ಲುತ್ತಾನೆ, ಬಾಗಿಲು ಹತ್ತಿರವಾದಾಗ ಏಳು ಜನ "ನಮ್ಮವರು ಮುಂದಿದ್ದಾರೆ" ಎಂದು ಹಗ್ಗದಡಿ ನುಸುಳುತ್ತಾರೆ. ಬಿಡದಿಯ ವಂಡರ್‌ಲಾದಲ್ಲೂ ಅಷ್ಟೆ, ಒರ್ಲಾಂಡೊದಲ್ಲೂ ಅಷ್ಟೆ. ಟಿಪ್ಸ್ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವವರು ಇದನ್ನು ಜಾಣತನದ ಖಾತೆಗೆ ಹಾಕಿಕೊಳ್ಳುತ್ತಾರೆ. ನೌಕರನಿಗೆ ಹತ್ತು ಡಾಲರ್ ಕೊಟ್ಟವನು ಹಿಂದೆ ನಿಂತ ಐವತ್ತು ಮಂದಿಯಿಂದ ಹತ್ತು ಹತ್ತು ನಿಮಿಷ ಕಿತ್ತುಕೊಂಡರೆ ಯಾವುದು ದೊಡ್ಡ ಬಾಬತ್ತು?

ಇಲ್ಲಿ ಒಂದು ಆಕ್ಷೇಪಣೆಗೆ ತೂಕವಿದೆ. ಪಾರ್ಕೇ ಸಾಲು ತಪ್ಪಿಸುವ ಹಕ್ಕನ್ನು ಮಾರುತ್ತಿದೆಯಲ್ಲ? 1999ರಲ್ಲಿ ಡಿಸ್ನಿ ತಂದ ಫಾಸ್ಟ್‌ಪಾಸ್ ಎಲ್ಲರಿಗೂ ಉಚಿತವಾಗಿತ್ತು. ಫ್ಲೋರಿಡಾದಲ್ಲಿ 2021ರಿಂದ ಆ ಜಾಗದಲ್ಲಿ ಹಣ ಕೊಟ್ಟು ಕೊಳ್ಳುವ ಲೈಟ್ನಿಂಗ್ ಲೇನ್ ಬಂದಿದೆ. ನಮ್ಮ ವಂಡರ್‌ಲಾದಲ್ಲೂ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಸಿಗುತ್ತದೆ. ಹೆಚ್ಚು ದುಡ್ಡಿದ್ದವನು ಮುಂದೆ ಹೋಗುವುದು ನಿಯಮವಾದರೆ, ಹೆಚ್ಚು ಚಾಲಾಕಿಯಾದವನು ಹೋದರೆ ತಪ್ಪೇನು ಎಂಬ ಪ್ರಶ್ನೆ ಏಳುತ್ತದೆ. ಸಾಲೆಂಬ ಸಮಾನತೆಯನ್ನು ಮಾರಾಟಕ್ಕಿಟ್ಟ ಪಾರ್ಕಿಗೆ ಸಾಲಿನ ನೀತಿ ಬೋಧಿಸುವ ಅಧಿಕಾರ ಕುಗ್ಗಿದೆ, ಒಪ್ಪುತ್ತೇನೆ. ಆದರೆ ನನ್ನ ಹಿಂದೆ ನಿಂತ ತಾಯಿಗೆ ನಾನು ತೋರಬೇಕಾದ ನೀತಿ ಪಾರ್ಕಿನಿಂದ ಬಂದದ್ದಲ್ಲ. ಅವಳೂ ಆ ಎರಡನೆಯ ಟಿಕೆಟ್ ಕೊಳ್ಳಲಾಗದೆ ನನ್ನಂತೆಯೇ ನಿಂತವಳು. ಕಂಪನಿಯ ಮೇಲಿನ ಸಿಟ್ಟನ್ನು ಅವಳ ಮೇಲೆ ತೀರಿಸಿಕೊಳ್ಳುವುದು ತತ್ವಕ್ಕಾಗಿ ಟಿಪ್ಸ್ ಕೊಡದವನ ವರಸೆಯೇ.

"ನಮ್ಮ ಜನಕ್ಕೆ ಸಂಸ್ಕಾರ ಇಲ್ಲ ಬಿಡಿ" ಎಂಬ ತೀರ್ಪು ಈ ಹಂತದಲ್ಲಿ ತಪ್ಪದೆ ಬರುತ್ತದೆ. ಇದೂ ಸೋಮಾರಿ ಮಾತು. 2013ರಲ್ಲಿ ಸಾಲು ತಪ್ಪಿಸಲು ಅಂಗವಿಕಲರನ್ನು ಬಾಡಿಗೆಗೆ ಗೊತ್ತುಮಾಡಿಕೊಂಡು ಡಿಸ್ನಿಗೆ ಹೋಗುತ್ತಿದ್ದಾರೆಂದು ಪತ್ರಿಕೆಗಳಲ್ಲಿ ಸುದ್ದಿಯಾದವರು ನ್ಯೂಯಾರ್ಕಿನ ಸಿರಿವಂತರು. ಅದೇ ವರ್ಷದ ಅಕ್ಟೋಬರಿನಲ್ಲಿ ಡಿಸ್ನಿ ಅಂಗವಿಕಲರಿಗಿದ್ದ ವ್ಯವಸ್ಥೆಯನ್ನೇ ಬದಲಿಸಿತು, ನಿಜವಾಗಿ ಅಗತ್ಯವಿದ್ದವರು ಅದಕ್ಕೆ ಬೆಲೆ ತೆತ್ತರು. ಟಿಪ್ಸ್ ಕೊಡುವುದರಲ್ಲಿ ಆ ಜನ ಹಿಂದೆ ಬಿದ್ದಿರಲಿಕ್ಕಿಲ್ಲ. ನಮ್ಮಲ್ಲೋ, ಮದುವೆ ಊಟದ ಪಂಕ್ತಿಯಲ್ಲಿ ಇಡೀ ಸಾಲು ಉಂಡು ಮುಗಿಸುವ ತನಕ ಎಲೆ ಬಿಟ್ಟು ಏಳದ ಸಂಯಮವೂ ಇದೆ, ಉಣ್ಣುತ್ತಿರುವವನ ಕುರ್ಚಿಯ ಹಿಂದೆ ನಿಂತು ಅವನು ಪಾಯಸ ಮುಗಿಸುವುದನ್ನೇ ದಿಟ್ಟಿಸುವ ಆತುರವೂ ಇದೆ. ಎರಡೂ ನಮ್ಮವೇ. ಯಾವ ಕಡೆ ನಮ್ಮವರೆಂಬ ಭಾವ ಇದೆಯೋ ಅಲ್ಲಿ ಕಾಯುತ್ತೇವೆ, ಇಲ್ಲದ ಕಡೆ ನುಗ್ಗುತ್ತೇವೆ.

ಭಕ್ಷೀಸಿನಲ್ಲೂ ಇದೇ ಪಕ್ಷಪಾತ. ಕೆಲಸ ಆಗಬೇಕಾದ ಕಡೆ ಕೈ ಬೆಚ್ಚಗೆ ಮಾಡುತ್ತೇವೆ, ಮುಖ ಕಾಣುವ ಕಡೆ ಸೋಂಪಿನ ತಟ್ಟೆಯಲ್ಲಿ ನೋಟು ಇಡುತ್ತೇವೆ. ಮುಖ ಕಾಣದವರು ನೆನಪಾಗುವುದಿಲ್ಲ. ಕೋಣೆ ಗುಡಿಸುವವರು ಅಂಥವರು. ಒರ್ಲಾಂಡೊದಲ್ಲೂ ಅಷ್ಟೇ, ಹೋಟೆಲಿನಲ್ಲಿ ಶೇಕಡಾ 20 ಕೊಟ್ಟವರೇ ಕೋಣೆ ಬಿಡುವಾಗ ಒದ್ದೆ ಟವೆಲ್ಲುಗಳ ಗುಡ್ಡ ಬಿಟ್ಟು ಹೊರಡುತ್ತಾರೆ. ದಿನಕ್ಕೆ ಒಂದರಿಂದ ಐದು ಡಾಲರ್ ಎಂಬುದು ಅಲ್ಲಿನ ಹೋಟೆಲ್ ಉದ್ಯಮದ ರೂಢಿ. ಕೊನೆಯ ದಿನ ಒಟ್ಟಿಗೆ ಇಟ್ಟರೆ ಹಿಂದಿನ ದಿನ ಗುಡಿಸಿದವರಿಗೆ ಸಿಗದೆ ಹೋಗಬಹುದು, ಆದ್ದರಿಂದ ದಿನದಿನವೇ ಒಂದು ಚೀಟಿಯೊಂದಿಗೆ ಇಡಬೇಕು. ಚೀಟಿ ಇಲ್ಲದಿದ್ದರೆ ಅವರು ಮುಟ್ಟದೆ ಇರಬಹುದು.

ನಮ್ಮ ದೇಶದಲ್ಲಿ ದಾರಿ ಬೇರೆ. ಬಿಲ್ಲಿಗೆ ಸರ್ವಿಸ್ ಚಾರ್ಜನ್ನು ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಗಾಗಿ ಇಲ್ಲಿ ಭಕ್ಷೀಸು ಗಿರಾಕಿಯ ಇಷ್ಟ, ಅಲ್ಲಿ ಬಾಕಿ. ಒಂದು ಊರಿನ ಲೆಕ್ಕವನ್ನು ಇನ್ನೊಂದು ಊರಿಗೆ ಹೊತ್ತುಕೊಂಡು ಹೋದರೆ ಅಪ್ಪನಂತೆ ಬೆಚ್ಚಿಬೀಳಬೇಕಾಗುತ್ತದೆ, ಇಲ್ಲವೆ ಮಗನಂತೆ ಮರ್ಯಾದೆಯ ಭಯದಲ್ಲಿ ಕೊಡಬೇಕಾಗುತ್ತದೆ.

ಆದ್ದರಿಂದ ಹೊರಡುವ ಮುನ್ನ ಲೆಕ್ಕವನ್ನು ಎರಡು ಖಾತೆ ಮಾಡಿಕೊಳ್ಳಿ. ಬಿಲ್ಲಿನ ಮೇಲಿನ ಶೇಕಡಾ 18ನ್ನು ವಿಮಾನದ ಟಿಕೆಟ್ಟಿನಂತೆ ಖರ್ಚಿನ ಪಟ್ಟಿಗೆ ಮೊದಲೇ ಸೇರಿಸಿ, ಕೊಟ್ಟು ಮರೆತುಬಿಡಿ. ಅದಕ್ಕೆ ಪುಣ್ಯವೂ ಇಲ್ಲ, ಪ್ರಶಸ್ತಿಯೂ ಇಲ್ಲ. ಇನ್ನೊಂದು ಖಾತೆಗೆ ದುಡ್ಡು ಬೇಕಿಲ್ಲ. ಅಳತೆಕೋಲಿನ ಬಳಿ ನಿಂತ ಹುಡುಗಿ ಆಗುವುದಿಲ್ಲ ಎಂದಾಗ ಅವಳ ಬಿಲ್ಲೆಯ ಮೇಲಿನ ಹೆಸರು ಓದಿ, ಥ್ಯಾಂಕ್ಸ್ ಹೇಳಿ, ಮೊಮ್ಮಗನ ಕೈ ಹಿಡಿದು ಸಾಲಿನಿಂದ ಆಚೆ ಬನ್ನಿ. ಅವನು ಅಳುತ್ತಾನೆ, ಅಳಲಿ. ಮುಂದಿನ ವರ್ಷಕ್ಕೆ ಒಂದಿಂಚು ಬೆಳೆದಿರುತ್ತಾನೆ. ಅಜ್ಜ ಆವತ್ತು ಹೇಗೆ ನಡೆದುಕೊಂಡರು ಎನ್ನುವುದು ಮಾತ್ರ ಅವನಿಗೆ ಅಷ್ಟು ಬೇಗ ಮರೆಯುವುದಿಲ್ಲ.