ಮಿಡಿತದ ಯಂತ್ರ, ಅಳತೆಯ ಮಾತು

ವಿಮರ್ಶೆಯೆಂದರೆ ಕಥೆ, ಕವಿತೆ, ಕಾದಂಬರಿಗಳ ಗುಣದೋಷ ಹೇಳುವುದು ಮಾತ್ರ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಜನ ಓದಿ ನಂಬುವ, ನಂಬಿ ಹಣ ಹಾಕುವ ಬರವಣಿಗೆ ಇನ್ನೊಂದುಂಟು. ಅದು 'ಮಾಡಿ ನೋಡಿ' ಎಂಬ ಜಾತಿಯದು. ಹಪ್ಪಳ ಸಂಡಿಗೆಯಿಂದ ರೇಡಿಯೋ ರಿಪೇರಿಯವರೆಗೆ ಅದರ ವ್ಯಾಪ್ತಿ. ಆ ಮನೆತನಕ್ಕೆ ಸೇರಿದ ಒಂದು ಶಾಖೆ ಈಗ ಚೆನ್ನಾಗಿ ಹಬ್ಬಿದೆ: ಮನೆಯಲ್ಲಿಯೇ 'ಪಲ್ಸ್ ಕಂಟ್ರೋಲರ್' ಕಟ್ಟಿ, ಅದರಿಂದ ಮೋಟಾರು ತಿರುಗಿಸಿ, ಬ್ಯಾಟರಿ ತುಂಬಿಸಿ, ನೀರನ್ನೊಡೆದು ಇಂಧನ ಪಡೆಯುವ ವಿಧಾನವನ್ನು ಹೇಳುವ ಬರಹ. ಇದನ್ನು ಭೌತಶಾಸ್ತ್ರದವರು ನೋಡಿಕೊಳ್ಳಲಿ ಎಂದು ಕನ್ನಡದ ಅಧ್ಯಾಪಕನು ಸುಮ್ಮನಿರಬಹುದಿತ್ತು. ಆದರೆ ಇಲ್ಲಿಯ ದೊಡ್ಡ ದೋಷ ಇರುವುದು ಭಾಷೆಯಲ್ಲಿ ಎಂದು ನನ್ನ ಎಣಿಕೆ. ಆದಕಾರಣ ಸಾಹಿತ್ಯದ ಪುಟದಲ್ಲಿ ಅದರ ವಿಚಾರ ಎತ್ತುವುದು ಅನುಚಿತವಾಗಲಾರದು.

ಮೊದಲು ಸರ್ಕ್ಯೂಟಿನ ಮಾತು. ಪಲ್ಸ್ ಎಂದರೆ ಮಿಡಿತ. ನಲ್ಲಿಯನ್ನು ಒಂದೇ ಸಮನೆ ಬಿಡದೆ ಕ್ಷಣ ತೆರೆದು ಕ್ಷಣ ಮುಚ್ಚುತ್ತಿದ್ದರೆ ನೀರು ಹೇಗೆ ಚಿಮ್ಮಿ ಚಿಮ್ಮಿ ಬರುವುದೋ, ಹಾಗೆ ಬ್ಯಾಟರಿಯ ವಿದ್ಯುತ್ತನ್ನು ತುಣುಕು ತುಣುಕಾಗಿ ಬಿಡುವ ಏರ್ಪಾಟು ಇದು. ತೆರೆ, ಮುಚ್ಚು ಎಂದು ಅಪ್ಪಣೆ ಕೊಡುವುದು '555' ಎಂಬ ಎಂಟು ಕಾಲಿನ ಪುಟ್ಟ ಚಿಪ್ಪು. 1971ರಲ್ಲಿ ಹ್ಯಾನ್ಸ್ ಕ್ಯಾಮೆನ್‌ಜಿಂಡ್ ರೂಪಿಸಿದ ಅದು ಇಂದಿಗೂ ಕೆಲವೇ ರೂಪಾಯಿಗೆ ಸಿಗುತ್ತದೆ. ಅಪ್ಪಣೆಯನ್ನು ನಡೆಸುವುದು ಮಾಸ್‌ಫೆಟ್. ರೆಸಿಸ್ಟರು, ಕೆಪಾಸಿಟರುಗಳನ್ನು ಬದಲಿಸಿದರೆ ಮಿಡಿತದ ವೇಗವೂ ಬದಲಾಗುತ್ತದೆ, ಪ್ರತಿ ಮಿಡಿತದಲ್ಲಿ ಬಾಗಿಲು ತೆರೆದಿರುವ ಹೊತ್ತೂ ಬದಲಾಗುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಸೌರಫಲಕದಿಂದ ಬ್ಯಾಟರಿ ತುಂಬಿಸುವ ಅಗ್ಗದ ಕಂಟ್ರೋಲರಿನಲ್ಲಿ, ಎಲೆಕ್ಟ್ರಿಕ್ ಸ್ಕೂಟರಿನ ವೇಗ ಏರಿಸಿ ಇಳಿಸುವಲ್ಲಿ ಕೆಲಸ ಮಾಡುವುದು ಇದೇ ತತ್ವ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಇಂಥ ಬರಹಕ್ಕೆ ಓದುಗರು ದೊರೆಯುವುದು ಸಹಜ. ಕೊಳವೆಬಾವಿಯ ಪಂಪಿಗೆ ತ್ರೀ ಫೇಸ್ ಕರೆಂಟು ದಿನಕ್ಕೆ ಕೆಲವು ತಾಸು ಮಾತ್ರ. ಅದೂ ಎಷ್ಟೋ ಸಲ ಹೊತ್ತಲ್ಲದ ಹೊತ್ತಿನಲ್ಲಿ. ಸುಟ್ಟ ಮೋಟಾರಿಗೆ ತಂತಿ ಸುತ್ತುವ ಅಂಗಡಿಗಳಲ್ಲಿ ಕೈ ಪಳಗಿದ ಹುಡುಗರಿಗೆ ಕಾಯಿಲು ಸುತ್ತುವುದು, ಸೋಲ್ಡರ್ ಹಿಡಿಯುವುದು ನೀರು ಕುಡಿದಷ್ಟು ಸಲೀಸು. ಕಾಲೇಜಿನ ಹುಡುಗರು ತಮ್ಮ ಬರಹ ತಂದು, "ಸರ್, ಇದರ ಕನ್ನಡ ಒಂದೀಟು ನೋಡ್ರಿ" ಎಂದು ಕೇಳುವುದುಂಟು. ಎಲ್ಲದರ ಅಚ್ಚೂ ಒಂದೇ: ಸಾಮಾನಿನ ಪಟ್ಟಿ, ಜೋಡಿಸುವ ಕ್ರಮ, ಕಡೆಗೊಂದು ಉದ್ಗಾರ. ಮೊದಲಿನ ಎರಡು ಭಾಗ ಬಹುಮಟ್ಟಿಗೆ ಒಪ್ಪವಾಗಿರುತ್ತವೆ. ಎಷ್ಟು ಸುತ್ತು, ಯಾವ ಗೇಜಿನ ತಂತಿ, ಯಾವ ಕಾಲು ಎಲ್ಲಿಗೆ ಎಂಬುದರಲ್ಲಿ ಒಂದು ಶಬ್ದವೂ ಹೆಚ್ಚಿಲ್ಲ; ನಮ್ಮ ಎಷ್ಟೋ ಪ್ರಬಂಧಕಾರರು ಕಲಿಯಬೇಕಾದ ಗದ್ಯ ಅದು. ಉದ್ಗಾರಕ್ಕೆ ಬಂದೊಡನೆ ಅಂಕಿಗಳೆಲ್ಲ ಮಾಯವಾಗಿ, 'ಅಪಾರ', 'ಅದ್ಭುತ', 'ಉಚಿತ' ಎಂಬ ವಿಶೇಷಣಗಳು ಮೆರವಣಿಗೆ ಹೊರಡುತ್ತವೆ. ಆ ಮೆರವಣಿಗೆಯ ಪಲ್ಲಕ್ಕಿಯಲ್ಲಿ ಕುಳಿತ ಶಬ್ದ 'ಶಕ್ತಿ'.

ಕನ್ನಡದಲ್ಲಿ ಇದು ಬಹಳ ಭಾರ ಹೊತ್ತ ಶಬ್ದ. ದೇವಿಯೂ ಶಕ್ತಿ, ಮೈಯ ಕಸುವೂ ಶಕ್ತಿ, ಕೊಳ್ಳುವ ತಾಕತ್ತೂ ಶಕ್ತಿ. ಶಾಸ್ತ್ರಕಾರರು ಅದನ್ನು ಜೂಲಿನಲ್ಲಿ ಅಳೆಯುವ ಮೊತ್ತಕ್ಕೆ ಮೀಸಲಿಟ್ಟು, ಆ ಮೊತ್ತ ಖರ್ಚಾಗುವ ವೇಗವನ್ನು 'ಸಾಮರ್ಥ್ಯ' ಎಂದು ಕರೆದು ವ್ಯಾಟಿನಲ್ಲಿ ಅಳೆದರು. ವೋಲ್ಟೇಜು ಇವೆರಡಕ್ಕಿಂತಲೂ ಬೇರೆ. ಅದು ವಿದ್ಯುತ್ತನ್ನು ತಳ್ಳುವ ಒತ್ತಡ. ನಾನು ಹೇಳುತ್ತಿರುವ ಬರಹಗಳಲ್ಲಿ ಮೂರೂ 'ಶಕ್ತಿ'ಯೇ. ಅಂಗಡಿಯಲ್ಲಿ "ಇದರಾಗ ಭಾಳ ಪವರ್ ಐತ್ರಿ" ಎಂದರೆ ಬಾಧಕವಿಲ್ಲ, ಅದು ಆಡುಮಾತು. ಬರಹದಲ್ಲಿ ಅದೇ ಸಡಿಲತನ ಬಂದರೆ ಲೆಕ್ಕವೇ ತಪ್ಪುತ್ತದೆ.

ಒಂದು ಉದಾಹರಣೆ ನೋಡೋಣ. 6 ಮಿಲಿಹೆನ್ರಿಯ ಕಾಯಿಲಿಗೆ 12 ವೋಲ್ಟಿನ ಬ್ಯಾಟರಿಯನ್ನು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ಹಚ್ಚಿದರೆ, ತಂತಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದಲ್ಲಿ, ಪ್ರವಾಹ 2 ಆಂಪಿಯರಿಗೆ ಏರುತ್ತದೆ. ಆಗ ಕಾಯಿಲಿನಲ್ಲಿ ಕೂಡಿದ ಶಕ್ತಿ 0.012 ಜೂಲು, ಬ್ಯಾಟರಿ ಕೊಟ್ಟದ್ದೂ ಅಷ್ಟೇ. ಪ್ರವಾಹವನ್ನು ಥಟ್ಟನೆ ಕಡಿದರೆ ಕಾಯಿಲಿನ ಎರಡು ತುದಿಗಳ ನಡುವೆ ನೂರಾರು ವೋಲ್ಟು ಜಿಗಿಯಬಹುದು. ಮೀಟರಿನ ಮುಳ್ಳು ಕುಣಿಯುತ್ತದೆ, ನಿಯಾನ್ ಬಲ್ಬು ಹೊತ್ತುತ್ತದೆ, ನೋಡಿದವರು ಬೆರಗಾಗುತ್ತಾರೆ. ಆದರೂ ಹೊರಬಂದದ್ದು ಅದೇ 0.012 ಜೂಲಿಗಿಂತ ಹೆಚ್ಚಲ್ಲ. ಸೆಕೆಂಡಿಗೆ ನೂರು ಸಲ ಹೀಗೆ ನಡೆದರೆ ಒಟ್ಟು 1.2 ವ್ಯಾಟು, ಪಂಪಿನ ಮಾತಿರಲಿ, ಫ್ಯಾನೂ ತಿರುಗದು. ಒತ್ತಡ ಜಿಗಿದದ್ದನ್ನೇ 'ಶಕ್ತಿ ಇಪ್ಪತ್ತು ಪಟ್ಟಾಯಿತು' ಎಂದು ಬರೆದವನು ಸುಳ್ಳುಗಾರನಲ್ಲ. ಒಂದು ಶಬ್ದದಿಂದ ಮೂರರ ಕೆಲಸ ಮಾಡಿಸಿದವನು.

ಬ್ಯಾಡಗಿಯವರಿಗೆ ಈ ಭೇದವನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಅಲ್ಲಿಯ ಮೆಣಸಿನಕಾಯಿ ಹೆಸರಾದದ್ದು ಕಡುಗೆಂಪು ಬಣ್ಣಕ್ಕೆ, ಖಾರ ಕಡಿಮೆ. ಬಣ್ಣಕ್ಕೆ ಒಂದು ಅಳತೆ, ಖಾರಕ್ಕೆ ಇನ್ನೊಂದು. ಕೆಂಪಾಗಿದೆಯೆಂದು ಖಾರದ ಲೆಕ್ಕ ಹಾಕುವ ವ್ಯಾಪಾರಿ ಆ ಪೇಟೆಯಲ್ಲಿ ಒಂದು ಸುಗ್ಗಿಯೂ ಬಾಳಲಾರ. ಪೇಟೆಯಲ್ಲಿರುವ ಈ ಎಚ್ಚರ ನಮ್ಮ ವಿಜ್ಞಾನದ ಗದ್ಯದಲ್ಲಿ ಏಕಿರಬಾರದು?

ಭಾಷೆಯ ಮಬ್ಬು ಕಲಿತವರನ್ನೂ ಬಿಡುವುದಿಲ್ಲ. ಕೈಗಾ ಅಣುವಿದ್ಯುತ್ ಯೋಜನೆಯಲ್ಲಿ ಹಿರಿಯ ಎಂಜಿನಿಯರರಾಗಿದ್ದು 2017ರಲ್ಲಿ ತೀರಿಕೊಂಡ ಪರಮಹಂಸ ತಿವಾರಿಯವರು, ಪಡೆದುದಕ್ಕಿಂತ ಹೆಚ್ಚು ವಿದ್ಯುತ್ತು ಕೊಡುವ ಜನರೇಟರನ್ನು ಕಟ್ಟಿದ್ದೇನೆ, ಆ ಹೆಚ್ಚಳ ಬರಿಯ ಅವಕಾಶದಿಂದಲೇ ಬರುತ್ತದೆ ಎಂದು ಹೇಳುತ್ತಿದ್ದರು. ಅವರ ಶ್ರದ್ಧೆಯನ್ನು ಸಂಶಯಿಸಬೇಕಾಗಿಲ್ಲ. ಆದರೆ ಭೌತವಿಜ್ಞಾನ ಆ ಮಾತನ್ನು ಒಪ್ಪಲಿಲ್ಲ. ಇದನ್ನೇ ಕನ್ನಡದಲ್ಲಿ 'ಆಕಾಶದಿಂದ ಶಕ್ತಿ' ಎಂದು ಬರೆದು ನೋಡಿ. ಪಂಚಭೂತಗಳಲ್ಲೊಂದಾದ ಆಕಾಶವೂ ದೇವಿಯ ಹೆಸರೂ ಸೇರಿ, ಮೀಟರು ನೋಡುವ ಮೊದಲೇ ಓದುಗನು ತಲೆದೂಗುತ್ತಾನೆ. ನೀರಿನಿಂದಲೇ ಕಾರು ಓಡಿಸುವೆನೆಂದು ಮಿಡಿತದ ಸರ್ಕ್ಯೂಟಿನ ಹೆಸರಿನಲ್ಲಿ ಹಣ ಎತ್ತಿದ ಅಮೆರಿಕದ ಸ್ಟ್ಯಾನ್ಲಿ ಮೇಯರನ ವಿಷಯದಲ್ಲಿ ಅಂಥ ಮರ್ಯಾದೆ ಉಳಿಯಲಿಲ್ಲ. 1996ರಲ್ಲಿ ಓಹಾಯೋದ ನ್ಯಾಯಾಲಯ ಅದನ್ನು ವಂಚನೆಯೆಂದೇ ತೀರ್ಮಾನಿಸಿತು. ಅವನ ನಕ್ಷೆಗಳನ್ನು ನಕಲು ಮಾಡುವವರು ಈ ತೀರ್ಪನ್ನು ನಕಲು ಮಾಡುವುದಿಲ್ಲ. ನೀರನ್ನೊಡೆದಾಗ ಬರುವ ಜಲಜನಕ, ಆಮ್ಲಜನಕಗಳ ಮಿಶ್ರಣ ಒಂದು ಕಿಡಿಗೆ ಸಿಡಿಯುತ್ತದೆಂಬ ಮಾತೂ ಅನೇಕ ಬರಹಗಳಲ್ಲಿ ಬಿಟ್ಟುಹೋಗಿರುತ್ತದೆ. ಇಲ್ಲಿ ಶಬ್ದದ ಬೇಜವಾಬ್ದಾರಿಗೆ ಬೆಲೆ ತೆರುವುದು ಹುಡುಗರ ಕಣ್ಣು ಕೈಗಳು.

ಕನ್ನಡಕ್ಕೆ ಇದು ಸಾಧ್ಯವಿಲ್ಲವೆಂದು ಯಾರೂ ಹೇಳಬಾರದು. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ' ಎಂಬ ಮಾಸಪತ್ರಿಕೆ ತೆಗೆದಿದ್ದರು. 1959ರಿಂದ ಮೊದಲುಗೊಂಡು ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ವನ್ನು ನಾಲ್ಕು ಸಂಪುಟಗಳಲ್ಲಿ ಒಬ್ಬರೇ ಬರೆದರು. ಹಾವೇರಿಯ ನೆಲದಲ್ಲಿಯೇ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಕಾದಂಬರಿಗೆ ಓದುಗರನ್ನು ಸಂಪಾದಿಸಿದರು. ಜ್ಞಾನವನ್ನು ತಿಳಿಸುವ ಗದ್ಯ ನಮ್ಮಲ್ಲಿದೆ, ಕಥೆಯಿಂದ ಹಿಡಿದಿಡುವ ಗದ್ಯವೂ ಇದೆ. ಕಡಿಮೆ ಬಿದ್ದಿರುವುದು, ತಾನೇ ಮಾಡಿದ ಪ್ರಯೋಗವನ್ನು ಕೂಡು-ಕಳೆ ಸಮೇತ ಒಪ್ಪಿಸುವ ಗದ್ಯ.

ಅದರ ಮಾದರಿ ಕಷ್ಟದ್ದೇನಲ್ಲ. 'ಮೊದಲ ಬ್ಯಾಟರಿಯಿಂದ ಒಂದು ತಾಸಿನಲ್ಲಿ ಇಷ್ಟು ವ್ಯಾಟ್-ಅವರ್ ಹೋಯಿತು. ಎರಡನೆಯ ಬ್ಯಾಟರಿಗೆ ತುಂಬಿದ್ದನ್ನು ಗೊತ್ತಾದ ಬಲ್ಬೊಂದನ್ನು ಹೊತ್ತಿಸಿ ಖರ್ಚು ಮಾಡಲಾಗಿ ಇಷ್ಟು ಸಿಕ್ಕಿತು. ನಡುವೆ ಕಳೆದದ್ದು ಇಷ್ಟು.' ಮೂರು ವಾಕ್ಯ ಸಾಕು. ಬ್ಯಾಟರಿಯ ವೋಲ್ಟೇಜು ಏರಿತೆಂಬ ಒಂದೇ ಸಾಕ್ಷ್ಯ ಸಾಲದು; ಚೂಪು ಮಿಡಿತಗಳ ಮುಂದೆ ಸಾಮಾನ್ಯ ಮಲ್ಟಿಮೀಟರೂ ಸರಿಯಾದ ಅಂಕಿ ತೋರಿಸದು. ಹೀಗೆ ಬರೆದಾಗ ಯಂತ್ರ ಸೋತರೂ ಬರಹ ಗೆಲ್ಲುತ್ತದೆ. ಕಳೆದುಹೋದದ್ದು ಎಲ್ಲಿ ಹೋಯಿತೆಂದು ಹುಡುಕುವವನಿಗೆ ಮುಂದಿನ ದಾರಿಯೂ ಕಾಣುತ್ತದೆ. ನಮ್ಮ ಮೂರೂ ಊರುಗಳ ಕಾಲೇಜುಗಳು ತಮ್ಮ ವಾರ್ಷಿಕ ಸಂಚಿಕೆಗಳಲ್ಲಿ ಕವಿತೆಯ ಪಕ್ಕದಲ್ಲಿ ಇಂಥದಕ್ಕೆ ಎರಡು ಪುಟ ಕೊಡಲಿ. ಆದರೆ ಆ ಮೂರು ವಾಕ್ಯವಿಲ್ಲದ ಬರಹವನ್ನು, ಅದರ ಕನ್ನಡ ಎಷ್ಟೇ ಸೊಗಸಾಗಿದ್ದರೂ, ಸಂಪಾದಕರು ಹಿಂದಕ್ಕೆ ಕಳಿಸಲಿ.