ನಾಳೆ ಬಾ

ಮೂವತ್ತು ವರ್ಷಗಳ ಹಿಂದೆ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ, ಸುತ್ತಲ ಹಳ್ಳಿಗಳಲ್ಲಿ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ಕದ ತಟ್ಟುವ ದೆವ್ವ ಅದನ್ನು ಓದಿ ವಾಪಸು ಹೋಗಬೇಕು, ಮರುದಿನ ಬಂದು ಮತ್ತೆ ಅದನ್ನೇ ಓದಬೇಕು. ದೆವ್ವಕ್ಕೆ ಅಕ್ಷರ ಬರುತ್ತದೆ, ಜ್ಞಾಪಕಶಕ್ತಿ ಇಲ್ಲ ಎಂಬ ನಂಬಿಕೆಯ ಮೇಲೆ ನಿಂತ ಉಪಾಯ ಅದು. ಪೀಣ್ಯದ ಶೆಡ್ಡುಗಳಲ್ಲಿ ಲೇತ್ ಇಟ್ಟುಕೊಂಡು ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವವರಿಗೆ ಜ್ಞಾಪಕಶಕ್ತಿಗೇನೂ ಕೊರತೆಯಿಲ್ಲ. ಯಾವ ಚಲನ್, ಯಾವ ತಾರೀಖು, ಎಷ್ಟು ಬಾಕಿ, ಎಲ್ಲ ಬಾಯಿಪಾಠ. ಆದರೂ ಅಕೌಂಟ್ಸ್ ವಿಭಾಗದವರು ‘ಮುಂದಿನ ವಾರ ಫೋನ್ ಮಾಡಿ’ ಎಂದರೆ ದೆವ್ವದಷ್ಟೇ ವಿಧೇಯರಾಗಿ ಹಿಂತಿರುಗುತ್ತಾರೆ.

ಶೇ. 6ಕ್ಕಿಂತ ವೇಗವಾಗಿ ಬೆಳೆಯುತ್ತಿರುವ ದೇಶ ಎಂದು ನಾವು ಹೆಮ್ಮೆಪಡುತ್ತೇವೆ. ಹೆಮ್ಮೆಗೆ ಕಾರಣವೂ ಇದೆ. ಆ ಬೆಳವಣಿಗೆಗೆ ಬೇಕಾದ ದುಡಿಯುವ ಬಂಡವಾಳದ ಒಂದು ದೊಡ್ಡ ಪಾಲನ್ನು ಬಡ್ಡಿಯಿಲ್ಲದೆ ಒದಗಿಸುತ್ತಿರುವವರು ಇದೇ ಶೆಡ್ಡುಗಳವರು ಎಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗೇಮ್ ಮತ್ತು ಡನ್ ಅಂಡ್ ಬ್ರಾಡ್‌ಸ್ಟ್ರೀಟ್ ಸಂಸ್ಥೆಗಳು 2022ರಲ್ಲಿ ಪ್ರಕಟಿಸಿದ ವರದಿ, ಹೀಗೆ ಸಣ್ಣ ಉದ್ದಿಮೆಗಳಿಗೆ ಬರಬೇಕಾಗಿ ತಡೆದು ನಿಂತ ಹಣವನ್ನು 10.7 ಲಕ್ಷ ಕೋಟಿ ರೂಪಾಯಿ ಎಂದು ಅಂದಾಜಿಸಿತ್ತು.

ಇದನ್ನು ತಡೆಯಲು ಕಾನೂನು ಇಲ್ಲವೆಂದಲ್ಲ. 1993ರಲ್ಲೇ ಒಂದು ಕಾಯ್ದೆ ಬಂತು. ಅದರ ಜಾಗಕ್ಕೆ ಬಂದ 2006ರ ಎಂಎಸ್‌ಎಂಇಡಿ ಕಾಯ್ದೆ ಓದಲು ಬಲು ಖಡಕ್ಕಾಗಿದೆ. ಒಪ್ಪಂದ ಏನೇ ಇರಲಿ, ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಕೊಡಬೇಕು; ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. 2023–24ರಲ್ಲಿ ಬ್ಯಾಂಕ್ ದರ ಶೇ. 6.75 ಇತ್ತು, ಅಂದರೆ ಬಡ್ಡಿ ಶೇ. 20 ದಾಟಿತು. ದೂರಿನ ಮೇಲೆ ಬಂದ ತೀರ್ಪನ್ನು ಪ್ರಶ್ನಿಸಬೇಕಾದರೂ ಖರೀದಿದಾರ ಮೊದಲು ಮುಕ್ಕಾಲು ಪಾಲು ಹಣ ಠೇವಣಿ ಇಡಬೇಕು. ಇಷ್ಟು ಬಿಗಿಯಾದ ಕಾಯ್ದೆಯಡಿ ಬಡ್ಡಿ ಕೇಳಿ ಪಡೆದವರನ್ನು ಹುಡುಕಿ ನೋಡಿ.

ಮುಖ್ಯ ಎಡವಟ್ಟು ಇರುವುದು ಒಂದು ಕಡೆ. ದೂರನ್ನು ಕೊಡಬೇಕಾದವನು ಹಣ ಕಳೆದುಕೊಂಡವನೇ. ಶೆಡ್ಡಿನ ಕೆಲಸದಲ್ಲಿ ಮುಕ್ಕಾಲು ಪಾಲು ಒಂದೇ ಗಿರಾಕಿಯಿಂದ ಬರುತ್ತಿರುತ್ತದೆ. ಅವನ ಮೇಲೆ ಸರ್ಕಾರದ ದೂರು ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ ದಿನವೇ ಮುಂದಿನ ಆರ್ಡರ್ ನಿಂತುಹೋಗುತ್ತದೆ. ದೂರು 90 ದಿನದಲ್ಲಿ ಇತ್ಯರ್ಥವಾಗಬೇಕು ಎನ್ನುತ್ತದೆ ಕಾಯ್ದೆ. ಆಯಿತು ಎಂದೇ ಇಟ್ಟುಕೊಳ್ಳೋಣ. ಆ ಮೂರು ತಿಂಗಳು ಆಪರೇಟರ್‌ಗಳ ಸಂಬಳ ಎಲ್ಲಿಂದ ಬರಬೇಕು? ಹಾಗಾಗಿ ಅರ್ಜಿ ಹಾಕುವವರು ಹೆಚ್ಚಾಗಿ ಸಂಬಂಧ ಆಗಲೇ ಕಡಿದುಕೊಂಡವರು, ಇಲ್ಲವೇ ಶೆಡ್ಡಿಗೆ ಬೀಗ ಹಾಕಲು ಹೊರಟವರು. ಇನ್ನೊಂದು ಸಂದು ಇದೆ. ಮಾಲು ತಲುಪಿದ 15 ದಿನದೊಳಗೆ ಬರಹದಲ್ಲಿ ತಕರಾರು ಎತ್ತಿದರೆ, ಅದು ಬಗೆಹರಿದ ದಿನದಿಂದಷ್ಟೇ ಗಡುವು ಎಣಿಕೆಗೆ ಬರುತ್ತದೆ. ಹದಿನಾಲ್ಕನೇ ದಿನ ‘ಪಾಲಿಶ್ ಸರಿಯಿಲ್ಲ’ ಎಂಬ ಒಂದು ಮೇಲ್ ಸಾಕು.

ತಡವಾದರೆ ಏನು ಮುಳುಗಿಹೋಗುತ್ತದೆ ಎನ್ನುವವರಿಗೆ ಒಂದು ಲೆಕ್ಕ. ಹತ್ತು ಲಕ್ಷದ ಬಿಲ್ಲು, ಶೇ. 18 ಜಿಎಸ್‌ಟಿ ಸೇರಿ 11.80 ಲಕ್ಷ. ಹಣ ಬರಲಿ ಬಿಡಲಿ, ಮುಂದಿನ ತಿಂಗಳ 20ರೊಳಗೆ ತೆರಿಗೆ ಕಟ್ಟಲೇಬೇಕು. ಉಕ್ಕು ತಂದವನಿಗೆ ಮೊದಲೇ ದುಡ್ಡು ಹೋಗಿರುತ್ತದೆ. ಬಿಲ್ಲು 120 ದಿನಕ್ಕೆ ಪಾಸಾಯಿತು, ಅಲ್ಲಿಯವರೆಗೆ ಬ್ಯಾಂಕಿನಲ್ಲಿ ಶೇ. 11ರ ಓವರ್‌ಡ್ರಾಫ್ಟ್ (ಓಡಿ) ಎಂದುಕೊಂಡರೆ ಬಡ್ಡಿಯೇ ಸುಮಾರು 43,000. ಆ ಕೆಲಸದಲ್ಲಿ ಶೇ. 8 ಲಾಭವಿದ್ದರೆ ಕೈಗೆ ಬರಬೇಕಾದದ್ದು 80,000. ಅರ್ಧಕ್ಕೂ ಹೆಚ್ಚು ಬ್ಯಾಂಕಿನ ಪಾಲಾಯಿತು. ಓಡಿ ಮಿತಿ ಮುಗಿದು ಮೀಟರ್ ಬಡ್ಡಿಯವರ ಹತ್ತಿರ ಹೋದರೆ ಉಳಿದರ್ಧವೂ ಇಲ್ಲ. ಈಗ ಅದೇ ಗಿರಾಕಿ ಎರಡರಷ್ಟು ಆರ್ಡರ್ ಕೊಡುತ್ತೇನೆ ಎನ್ನಲಿ. ಸಿಕ್ಕಿಬೀಳುವ ಹಣವೂ ಎರಡರಷ್ಟು. ಬೆಳೆಯುವ ಅವಕಾಶ ಬಾಗಿಲಿಗೆ ಬಂದಾಗ ‘ಇಷ್ಟೇ ಸಾಕು ಸಾರ್’ ಎಂದು ಕೈಮುಗಿಯುವ ಸಣ್ಣ ಉದ್ಯಮಿಗೆ ಧೈರ್ಯವಿಲ್ಲ ಎಂದು ಮ್ಯಾನೇಜ್‌ಮೆಂಟ್ ಉಪನ್ಯಾಸಗಳಲ್ಲಿ ಹೇಳುತ್ತಾರೆ. ಅವನು ಲೆಕ್ಕ ಬಲ್ಲವನು, ಅಷ್ಟೇ.

ಸರ್ಕಾರದ ಒಂದು ಕಾಯ್ದೆ 45 ದಿನ ಎನ್ನುವಾಗ ಇನ್ನೊಂದು ಏನು ಹೇಳುತ್ತದೆ ನೋಡಿ. ಜಿಎಸ್‌ಟಿ ಪ್ರಕಾರ, ಪೂರೈಕೆದಾರನಿಗೆ 180 ದಿನ ಹಣ ಕೊಡದಿದ್ದರೆ ಮಾತ್ರ ಖರೀದಿದಾರ ತಾನು ಪಡೆದ ತೆರಿಗೆ ಕ್ರೆಡಿಟ್ ಹಿಂತಿರುಗಿಸಬೇಕು. ಅಂದರೆ ಶೆಡ್ಡಿನವನು ಕಟ್ಟಿದ ತೆರಿಗೆಯ ಕ್ರೆಡಿಟ್ಟನ್ನು ದೊಡ್ಡವನು ಆರು ತಿಂಗಳು ಅನುಭವಿಸಬಹುದು.

2023ರಲ್ಲಿ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಸೇರಿದಾಗ ನಾನೂ ಸಂತೋಷಪಟ್ಟವನೇ. ಗಡುವಿನೊಳಗೆ ಕೊಡದ ಹಣವನ್ನು ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ, ಕೊಟ್ಟ ವರ್ಷದಲ್ಲಷ್ಟೇ ತೋರಿಸಬಹುದು ಎಂಬ ನಿಯಮ. ಯಾರೂ ದೂರು ಕೊಡಬೇಕಿಲ್ಲ, ಆಡಿಟರ್ ಕಣ್ಣಿಗೇ ಬೀಳುತ್ತದೆ. ಯೋಚನೆ ಸರಿಯಾಗಿತ್ತು. ಆದರೆ ಏಪ್ರಿಲ್‌ನಲ್ಲಿ ತೆಗೆದುಕೊಂಡ ಮಾಲಿಗೆ ಮಾರ್ಚ್ 31ಕ್ಕೆ ಹಣ ಕೊಟ್ಟರೂ ಅದು ‘ಅದೇ ವರ್ಷ’ವೇ! ಹನ್ನೊಂದು ತಿಂಗಳ ವಿಳಂಬಕ್ಕೆ ತೆರಿಗೆಯ ಬಿಸಿ ಇಲ್ಲ. ಹೀಗಾಗಿ ಇದು ವರ್ಷಕ್ಕೊಮ್ಮೆ, ಮಾರ್ಚ್ ತಿಂಗಳಲ್ಲಿ ಮಾತ್ರ ಎಚ್ಚರವಾಗುವ ಕಾವಲುಗಾರ. ಆದಾಯ ತೆರಿಗೆಯನ್ನೇ ಕಟ್ಟದ ಸರ್ಕಾರಿ ಇಲಾಖೆಗಳಿಗೆ ಅಷ್ಟೂ ಇಲ್ಲ, ಬಾಕಿ ಉಳಿಸಿಕೊಳ್ಳುವುದರಲ್ಲಿ ಅವು ಖಾಸಗಿಯವರಿಗೆ ಸೋಲುವವಲ್ಲ. ಇನ್ನು 2024ರ ಆರಂಭದಲ್ಲಿ ಜವಳಿ ಮಾರುಕಟ್ಟೆಗಳಲ್ಲಿ ಎದ್ದ ಗುಲ್ಲು ನೆನಪಿರಬಹುದು. ಈ ನಿಯಮ ಅನ್ವಯಿಸದ ಮಧ್ಯಮ ಉದ್ದಿಮೆಗಳತ್ತ, ಸಣ್ಣ ಉದ್ದಿಮೆಯೆಂದು ಸರ್ಕಾರದ ಉದ್ಯಮ್ ನೋಂದಣಿಯೇ ಮಾಡಿಸದವರತ್ತ ಖರೀದಿದಾರರು ತಿರುಗಿದರು. ರಕ್ಷಣೆಯ ಚೀಟಿಯೇ ವ್ಯಾಪಾರಕ್ಕೆ ಕುತ್ತಾಯಿತೆಂದು ಎಷ್ಟೋ ಸಣ್ಣವರು ನೋಂದಣಿ ರದ್ದು ಮಾಡಿಸುವ ಯೋಚನೆಗೆ ಬಿದ್ದರು.

ಟ್ರೆಡ್ಸ್ ವೇದಿಕೆಗಳು ಇದಕ್ಕಿಂತ ಮೇಲು. ಬಿಲ್ಲನ್ನು ಬ್ಯಾಂಕಿಗೆ ವಟಾಯಿಸಿ ಮೊದಲೇ ಹಣ ಪಡೆಯಬಹುದು, ಆಮೇಲೆ ದೊಡ್ಡವನು ಕೈಕೊಟ್ಟರೂ ಬ್ಯಾಂಕು ಸಣ್ಣವನ ಕುತ್ತಿಗೆಗೆ ಬರುವುದಿಲ್ಲ. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಸೇರಲೇಬೇಕೆಂದು 2024ರಲ್ಲಿ ಆದೇಶವೂ ಆಗಿದೆ. ಆದರೆ ಬಿಲ್ಲನ್ನು ಒಪ್ಪಿ ಗುಂಡಿ ಒತ್ತಬೇಕಾದವನು ಅದೇ ದೊಡ್ಡ ಗಿರಾಕಿ. ಸೇರುವುದು ಕಡ್ಡಾಯ, ಒತ್ತುವುದು ಅವನ ಮರ್ಜಿ.

ಜಪಾನ್ ವೇಗವಾಗಿ ಬೆಳೆಯುತ್ತಿದ್ದ ಕಾಲದಲ್ಲಿ, 1956ರಲ್ಲೇ, ಉಪಗುತ್ತಿಗೆದಾರರ ಪಾವತಿಗೆಂದು ಕಾಯ್ದೆ ಮಾಡಿತು. ಅದರ ಗಡುವು ನಮಗಿಂತ ಸಡಿಲ, 60 ದಿನ. ವ್ಯತ್ಯಾಸ ಇರುವುದು ಜಾರಿಯಲ್ಲಿ. ಅಲ್ಲಿನ ನ್ಯಾಯೋಚಿತ ವ್ಯಾಪಾರ ಆಯೋಗ ದೂರಿಗೆ ಕಾಯದೆ ತಾನೇ ದೊಡ್ಡವರಿಗೂ ಸಣ್ಣವರಿಗೂ ಪ್ರಶ್ನಾವಳಿ ಕಳಿಸುತ್ತದೆ, ತಪ್ಪಿದ ಕಂಪನಿಯ ಹೆಸರು ಹೊರಹಾಕುತ್ತದೆ. ಪೂರೈಕೆದಾರರ ಹಣ ಮುರಿದುಕೊಂಡದ್ದಕ್ಕೆ 2024ರ ಮಾರ್ಚ್‌ನಲ್ಲಿ ಅದು ನಿಸ್ಸಾನ್‌ನಂಥ ಕಂಪನಿಯ ಹೆಸರನ್ನೇ ಹೊರಗೆಡವಿತು. ಯಾರು ಬಾಯಿಬಿಟ್ಟರು ಎಂಬ ಪ್ರಶ್ನೆ ಅಲ್ಲಿ ಹುಟ್ಟುವ ಸಂದರ್ಭವೇ ಕಡಿಮೆ.

ನಮ್ಮಲ್ಲಿ ಪ್ರಶ್ನಾವಳಿ ಕೂಡ ಬೇಕಿಲ್ಲ. 45 ದಿನ ದಾಟಿದ ಬಾಕಿಯಿರುವ ಕಂಪನಿಗಳು ಯಾರಿಗೆ ಎಷ್ಟು ಕೊಡಬೇಕು, ಏಕೆ ತಡವಾಯಿತು ಎಂಬುದನ್ನು ಎಂಎಸ್‌ಎಂಇ–1 ಎಂಬ ನಮೂನೆಯಲ್ಲಿ ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ವರ್ಷಕ್ಕೆರಡು ಬಾರಿ ಸಲ್ಲಿಸಬೇಕೆಂಬ ಆದೇಶ 2019ರಿಂದಲೇ ಇದೆ. ಸಾಲಗಾರ ತನ್ನ ಕೈಯಾರೆ ಬರೆದುಕೊಟ್ಟ ತಪ್ಪೊಪ್ಪಿಗೆ ಅದು. ಮೂರು ಪಟ್ಟು ಬಡ್ಡಿ ಎಷ್ಟಾಯಿತೆಂದು ಅದರಿಂದಲೇ ಲೆಕ್ಕ ಹಾಕಿ ನೋಟಿಸು ಕಳಿಸಲು ಒಂದು ಸಾಧಾರಣ ಕಂಪ್ಯೂಟರ್ ಸಾಕು. ದೂರು ಬಂದರಷ್ಟೇ ಬಡ್ಡಿಯ ಮಾತು ಎಂದು ಕುಳಿತಿರುವ ಸರ್ಕಾರದ ಮೇಜಿಗೆ ಏಪ್ರಿಲ್ 30ಕ್ಕೊಂದು, ಅಕ್ಟೋಬರ್ 31ಕ್ಕೊಂದು ಕಂತಿನಂತೆ ಆ ಪಟ್ಟಿ ಬಂದು ಬೀಳುತ್ತಲೇ ಇದೆ.