ನಾಟಕದ ಮೇಳವೂ ಕೇಳುವ ಕಿವಿಯೂ

ನಮ್ಮ ತುಮಕೂರು ಸೀಮೆಯಲ್ಲಿ ಸುಗ್ಗಿ ಮುಗಿದು ಜಾತ್ರೆಗಳ ಕಾಲ ಬಂದಿತೆಂದರೆ ‘ಕುರುಕ್ಷೇತ್ರ’ ನಾಟಕವಾಗದ ಹೋಬಳಿ ವಿರಳ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ರಾತ್ರಿಯಿಡೀ, ನಗರದ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಹಾಡಹಗಲೇ, ರೈತರೂ ಉಪಾಧ್ಯಾಯರೂ ಕಿರೀಟ ಧರಿಸಿ ಹಾಡುವುದನ್ನು ನೀವು ಕಂಡಿದ್ದೀರಿ. ಮಠದಲ್ಲಿ ಓದಿಹೋದ ನಿಮ್ಮಲ್ಲಿ ಕೆಲವರು ಸ್ವತಃ ಬಣ್ಣ ಹಚ್ಚಿದವರೂ ಇರಬಹುದು. ಪಾತ್ರಧಾರಿಗಳಿಗೆ ಹಾರ, ಪ್ರಶಂಸೆ ಧಾರಾಳವಾಗಿ ಸಲ್ಲುತ್ತವೆ. ಆದರೆ ರಂಗದ ಪಕ್ಕದಲ್ಲಿ ಕುಳಿತ ಮೇಳವನ್ನು ಕುರಿತು ವಿಮರ್ಶಿಸುವವರು ಕಡಮೆ. ಆ ಕುರಿತು ಕೊಂಚ ನಿಷ್ಠುರವಾಗಿಯೇ ಹೇಳಬೇಕಾಗಿದೆ.

1884ರಲ್ಲಿ ಗುಬ್ಬಿಯಲ್ಲಿ ಸ್ಥಾಪಿತವಾದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘದ ಹೆಸರನ್ನು ತೆಗೆದೊಡನೆ ವೀರಣ್ಣನವರು ರಂಗಕ್ಕೆ ಆನೆ ಕುದುರೆಗಳನ್ನು ತಂದ ವೈಭವವೇ ಎಲ್ಲರ ನೆನಪಿಗೆ ಬರುತ್ತದೆ. ನನ್ನ ದೃಷ್ಟಿಯಲ್ಲಿ ಕಂಪೆನಿ ನಾಟಕದ ನಿಜವಾದ ಸಂಪತ್ತು ಆನೆಯಲ್ಲ, ಮೇಳ. ನಟರೂ ವಾದ್ಯಗಾರರೂ ಊರಿಂದೂರಿಗೆ ಒಟ್ಟಿಗೆ ಹೋಗಿ, ಒಂದೇ ಬಿಡಾರದಲ್ಲಿದ್ದು, ಒಂದೇ ಪಂಕ್ತಿಯಲ್ಲಿ ಉಂಡು, ನಿತ್ಯವೂ ಜೊತೆಯಾಗಿ ಅಭ್ಯಾಸ ಮಾಡುತ್ತಿದ್ದ ಕಾಲವದು. ಬಾಲಕನಾಗಿ ಈ ಕಂಪೆನಿಯನ್ನು ಸೇರಿದ ಬಿ. ವಿ. ಕಾರಂತರು ಮುಂದೆ ರಂಗಸಂಗೀತಕ್ಕೆ ಹೊಸ ದಿಕ್ಕನ್ನೇ ತೋರಿದರೆಂಬುದು ಆಕಸ್ಮಿಕವಲ್ಲ.

ಆ ಮೇಳದ ನಾಯಕ ಹಾರ್ಮೋನಿಯಂ ವಾದಕ. ಕಾಲಿನಿಂದ ತಿದಿಯೊತ್ತುವ ಲೆಗ್ ಹಾರ್ಮೋನಿಯಂ ಆದುದರಿಂದ ಎರಡು ಕೈಗಳೂ ಮನೆಗಳ ಮೇಲಿರುತ್ತಿದ್ದವು. ಕಣ್ಣು ಮಾತ್ರ ನಟನ ಮೇಲೆ. ಪಾಶ್ಚಾತ್ಯ ವಾದ್ಯವೃಂದದಲ್ಲಿ ಬರೆದ ಸ್ವರಲಿಪಿಯೂ ನಿರ್ದೇಶಕನ ಕೋಲೂ ಎಲ್ಲರನ್ನೂ ಕೂಡಿಸುತ್ತವೆ. ನಮ್ಮ ಮೇಳಕ್ಕೆ ಅವೆರಡೂ ಇಲ್ಲ. ನಟನು ಎಲ್ಲಿ ಉಸಿರೆಳೆಯುವನೋ, ಯಾವ ಮಾತನ್ನು ಎಳೆದು ನಿಲ್ಲಿಸುವನೋ, ಅದೇ ಇಲ್ಲಿ ಲಿಪಿ. ಹಾರ್ಮೋನಿಯಂ ಸ್ವದೇಶಿ ವಾದ್ಯವೂ ಅಲ್ಲ. ನಮ್ಮ ಗಮಕಗಳು ಅದಕ್ಕೆ ಒದಗುವುದಿಲ್ಲವೆಂದು 1940ರಲ್ಲಿ ಆಕಾಶವಾಣಿಯು ಅದನ್ನು ಹೊರಗಿಟ್ಟು, 1971ರವರೆಗೆ ಬಾಗಿಲು ತೆರೆಯಲಿಲ್ಲ. ಆ ಕೊರತೆಯನ್ನು ಬಲ್ಲ ವಾದಕನು ಗಾಯಕನ ದನಿ ಬಳುಕುವೆಡೆಯಲ್ಲಿ ಬೆರಳನ್ನು ಹಿಂತೆಗೆಯುತ್ತಾನೆ. ಹೀಗಾಗಿ, ಎಲೆಕ್ಟ್ರಾನಿಕ್ ಕೀಬೋರ್ಡು ಬಂದದ್ದರಿಂದಲೇ ಎಲ್ಲವೂ ಕೆಟ್ಟಿತೆಂದು ಗೊಣಗುವವರ ಪಕ್ಷ ನನ್ನದಲ್ಲ.

ಕುಣಿಗಲ್ ಸಮೀಪದ ಒಂದು ಹಳ್ಳಿಯಲ್ಲಿ ಕಂಡುದನ್ನು ಹೇಳುತ್ತೇನೆ. ಕರ್ಣನು ಕುಂತಿಯೆದುರು ನಿಂತು ಹಾಡುವ ಸನ್ನಿವೇಶ. ಪಾತ್ರಧಾರಿಯ ಕಂಠ ಸೊಗಸಾಗಿತ್ತು. ಪಲ್ಲವಿಯ ಕೊನೆಯಲ್ಲಿ ಆತ ದುಃಖದಿಂದ ತಡೆದು ನಿಂತರೆ, ಕೀಬೋರ್ಡಿನವನು ಆ ತೆರಪನ್ನು ಯಾವುದೋ ಸಿನಿಮಾ ಧಾಟಿಯಿಂದ ತುಂಬಿದ. ರಿದಂ ಪ್ಯಾಡು ನಿಲ್ಲಲೇ ಇಲ್ಲ. ಕರ್ಣ ದನಿಯೇರಿಸಿದ. ಧ್ವನಿವರ್ಧಕದವನು ವಾದ್ಯಗಳನ್ನೂ ಏರಿಸಿದ. ಕೊನೆಗೆ ತಾಯಿ ಮಗನ ಮಿಲನವು ಯುದ್ಧದ ಹದಿನೇಳನೆಯ ದಿನದಂತೆ ಕೇಳಿಸಿತು! ವಿಚಾರಿಸಲಾಗಿ, ನಾಟಕದ ಮೇಷ್ಟರು ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದ್ದು ಬರಿಯ ಹಾರ್ಮೋನಿಯಂ ಇಟ್ಟುಕೊಂಡು. ಉಳಿದ ವಾದ್ಯಗಾರರು ಬಂದಿಳಿದದ್ದು ಅಂದಿನ ಸಂಜೆ. ಕರ್ಣನ ಮುಖವನ್ನು ಅವರು ಮೊದಲು ಕಂಡದ್ದು ಬಣ್ಣ ಹಚ್ಚಿದ ಮೇಲೆಯೇ.

ಇದಕ್ಕೆ ಹೋಲಿಸಿ ನಮ್ಮ ವೀರಗಾಸೆಯನ್ನು ನೆನೆದುಕೊಳ್ಳಿ. ಎದೆ ನಡುಗಿಸುವ ಆ ವಾದ್ಯಗಳೆಲ್ಲ ಪುರವಂತನು ಒಡಪು ಹೇಳಲು ಕೈಯೆತ್ತಿದೊಡನೆ ಸ್ತಬ್ಧವಾಗುತ್ತವೆ. ಒಡಪು ಮುಗಿದ ಕ್ಷಣ, ಯಾರೂ ಸನ್ನೆ ಮಾಡದೆ, ಎಲ್ಲವೂ ಒಂದೇ ಪೆಟ್ಟಿಗೆ ಏಳುತ್ತವೆ. ಅಕ್ಷರ ಬಾರದ ಹಿರಿಯರೂ ಪಾಲಿಸಿಕೊಂಡು ಬಂದ ಈ ಶಿಸ್ತು ನಮ್ಮ ನಾಟಕದ ಮೇಳಕ್ಕೆ ಅಸಾಧ್ಯವೇ?

ಹಣದ ತೊಡಕಿದೆಯೆಂಬುದು ನಿಜ. ವಾದ್ಯಗಾರರನ್ನು ಮೂರು ದಿನ ಮುಂಚಿತವಾಗಿ ಕರೆಸಿದರೆ ಊಟ, ವಸತಿ, ದಿನಗೂಲಿ ಕೊಡಬೇಕಾಗುತ್ತದೆ. ಆದರೂ ದೀಪಾಲಂಕಾರಕ್ಕೂ ಬಣ್ಣಬಣ್ಣದ ಫ್ಲೆಕ್ಸುಗಳಿಗೂ ಸಾವಿರಗಟ್ಟಲೆ ಸುರಿಯುವ ಸಂಘಗಳು ಆ ವೆಚ್ಚದಲ್ಲಿ ಅರ್ಧವನ್ನು ಇತ್ತ ತಿರುಗಿಸಬಹುದು. ಮುಂದಿನ ಜಾತ್ರೆಗೆ ನಿಮ್ಮೂರಿನಲ್ಲಿ ನಾಟಕದ ಲೆಕ್ಕ ಬರೆಯುವಾಗ, ಮೇಳದ ಅಭ್ಯಾಸವೆಂದು ಬೇರೆಯೇ ಒಂದು ಬಾಬ್ತನ್ನು ತೆರೆಯಿರಿ. ಧ್ವನಿವರ್ಧಕದವನನ್ನೂ ಆ ಮೂರು ದಿನ ಅಲ್ಲಿಯೇ ಕೂರಿಸಿ.